ನಳಿಗೆಯ ಮೇಲಿನ ಕುಂಕುಮ

ರಾಮನಗರದಲ್ಲಿ ಕೋವಿ ರಿಪೇರಿ ಮಾಡುವ ಗಫಾರ್ ಸಾಬರ ಮುಂದೆ ನಿಂತು "ಕೋವಿಗೆ ಒಸಿ ಬಣ್ಣ ಹೊಡ್ಕೊಡಿ" ಎಂದು ಯಾರಾದರೂ ಕೇಳಿಬಿಟ್ಟರೆ ಮುಗಿಯಿತು. ಕೈಯಲ್ಲಿದ್ದ ಅರವನ್ನು ಕೆಳಗಿಟ್ಟು, ಕನ್ನಡಕವನ್ನು ಹಣೆಗೇರಿಸಿ, ಬಂದವನನ್ನು ಸ್ಟೂಲಿನ ಮೇಲೆ ಕೂರಿಸಿ ಪಾಠ ಶುರುಮಾಡುತ್ತಿದ್ದರು. "ಬಣ್ಣ ಹೊಡೆಯೋದು ಗೇಟಿಗೆ, ಎತ್ತಿನ ಕೊಂಬಿಗೆ. ಕೋವಿಗೆ ಬಣ್ಣ ಬರಿಸ್ಬೇಕು ಕಣಪ್ಪ. ಅದು ಒಳಗಿಂದ ಬರ್ಬೇಕು." ಬಂದವನು ತನ್ನ ಖರ್ಚಿನಲ್ಲೇ ಟೀ ತರಿಸಿ ಕುಡಿಸಿದರೂ ಪಾಠ ನಿಲ್ಲುತ್ತಿರಲಿಲ್ಲ.

ಹಳೆಯ ಕೋವಿಯ ನಳಿಗೆಯ ಮೇಲಿರುವ ಆ ಕರಿನೀಲಿ, ಬಳಿದ ಬಣ್ಣವಲ್ಲ. ಅದೂ ಒಂದು ಬಗೆಯ ತುಕ್ಕೇ, ಆದರೆ ಪಳಗಿಸಿದ ತುಕ್ಕು. ನಳಿಗೆಯನ್ನು ಎಮರಿ ಪಟ್ಟಿಯಿಂದ ಉಜ್ಜಿ, ಜಿಡ್ಡು ಬಿಡಿಸಿ, ತುಕ್ಕು ಬರಿಸುವ ಮದ್ದು ಸವರಿ ಹಬೆಯಲ್ಲಿ ತೂಗುಹಾಕಿದರೆ ಮೈತುಂಬ ತೆಳ್ಳಗೆ ಕೆಂಪು ತುಕ್ಕು ಹಿಡಿಯುತ್ತದೆ. ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಆ ಕೆಂಪು ಕಪ್ಪಾಗುತ್ತದೆ. ಮೇಲಿನ ಮಸಿಯನ್ನು ತಂತಿ ಬ್ರಷ್ಷಿನಿಂದ ತೆಗೆದು ಮತ್ತೆ ಮದ್ದು, ಮತ್ತೆ ಹಬೆ, ಮತ್ತೆ ಕುದಿ. ಹೀಗೆ ಮಾಡುತ್ತ ಹೋದಂತೆ ನಳಿಗೆ ಒಂದು ದಿನ ಕಳಿತ ನೇರಳೆ ಹಣ್ಣಿನ ಬಣ್ಣಕ್ಕೆ ಬಂದು ನಿಲ್ಲುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲು ಸಾಬರು ನಳಿಗೆಯ ಕೆಳಗಿನ ಮರದ ಹಿಡಿಯನ್ನು ಬಿಚ್ಚಿ ನೋಡುತ್ತಿದ್ದರು. ಬಿಸಿಲು, ಬೆವರು ತಾಗದ ಆ ಅಂಗೈಯಗಲದ ಜಾಗ ಕೋವಿ ಹುಟ್ಟಿದ ದಿನದ ಬಣ್ಣವನ್ನು ಹಾಗೇ ಇಟ್ಟುಕೊಂಡಿರುತ್ತದೆ. ಮಿಕ್ಕ ಮೈಯೆಲ್ಲ ಅದಕ್ಕೆ ಕೂಡಿಬರಬೇಕು. ಕೂಡಿಬರದಿದ್ದರೆ ಸಾಬರಿಗೆ ಊಟ ಸೇರುತ್ತಿರಲಿಲ್ಲ.

ಹಬೆಗಾಗಿ ಅವರು ಎಲ್ಲಿಗೂ ಹೋಗಬೇಕಿರಲಿಲ್ಲ. ಅಂಗಡಿಯ ಹಿಂಬಾಗಿಲು ದಾಟಿದರೆ ಹೆಂಡತಿ ಹಮೀದಾ ರೇಷ್ಮೆ ನೂಲು ತೆಗೆಸುವ ಫಿಲೇಚರ್. ಅಲ್ಲಿ ರೇಷ್ಮೆಗೂಡು ಬೇಯುವ ನೀರಿನ ಹಬೆ ಬೆಳಗಿನಿಂದ ಸಂಜೆಯವರೆಗೆ ಹೆಂಚಿನಡಿಯಲ್ಲಿ ಮೋಡದ ಹಾಗೆ ನಿಂತಿರುತ್ತಿತ್ತು. ಜಂತಿಗೆ ಕೊಕ್ಕೆ ಹೊಡೆದು ಸಾಬರು ನಳಿಗೆಗಳನ್ನು ನೇತುಹಾಕುತ್ತಿದ್ದರು. ಕೆಳಗೆ ಹುಡುಗಿಯರು ನೂಲು ಬಿಚ್ಚುತ್ತಿದ್ದರೆ ಮೇಲೆ ಕಬ್ಬಿಣ ತನ್ನ ಪಾಡಿಗೆ ಕೆಂಪಾಗುತ್ತಿತ್ತು. "ಜಗತ್ತಿನ ಗಂಡಸರೆಲ್ಲ ತುಕ್ಕು ಬಿಡಿಸೋಕೆ ಹೆಣಗಾಡಿದ್ರೆ ನಮ್ಮವರು ತುಕ್ಕು ಹಿಡಿಸೋಕೆ ಹೆಣಗಾಡ್ತಾರೆ" ಎಂದು ಹಮೀದಾ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಬಿಡದಿಯಲ್ಲಿ ಕಾರ್ಖಾನೆಗಳು ಎದ್ದ ಮೇಲೆ ಎರಡು ಕೇಡಾಯಿತು. ಹುಡುಗಿಯರು ಒಬ್ಬೊಬ್ಬರಾಗಿ ಗೂಡಿನ ವಾಸನೆ ಬಿಟ್ಟು ಗಾರ್ಮೆಂಟ್ಸ್ ಬಸ್ಸು ಹತ್ತಿದರು. ಫಿಲೇಚರಿನ ಒಲೆಗಳು ಅರ್ಧಕ್ಕರ್ಧ ತಣ್ಣಗಾದವು, ಹಬೆಯೂ ಸಣಕಲಾಯಿತು. ಎರಡನೆಯದು ಸಾಬರ ಹೊಟ್ಟೆ ಉರಿಸಿದ್ದು. ಕನಕಪುರದ ಕಡೆಯ ಕೆಂಪರಾಜು ಎಂಬುವನು ತಾತನ ಕಾಲದ ಕೋವಿಗೆ ಬಿಡದಿಯ ಒಂದು ಶೆಡ್ಡಿನಲ್ಲಿ ಪೌಡರ್ ಕೋಟಿಂಗ್ ಮಾಡಿಸಿಕೊಂಡು, ಹೆಮ್ಮೆಯಿಂದ ತೋರಿಸಲು ಬಂದಿದ್ದ. ತಯಾರಕರ ಹೆಸರು ಕೊರೆದಿದ್ದ ಅಕ್ಷರಗಳೆಲ್ಲ ಬಣ್ಣದಲ್ಲಿ ಮುಚ್ಚಿಹೋಗಿದ್ದವು. ಸಾಬರು ಅದನ್ನು ಕೈಗೂ ತೆಗೆದುಕೊಳ್ಳದೆ, "ಚೆನ್ನಾಗೈತೆ ಪೈಪು. ಇನ್ನು ಬಾವಿಗೆ ಇಳಿಬುಟ್ಟು ನೀರೆತ್ತಪ್ಪ" ಎಂದುಬಿಟ್ಟರು.

ಇಂಥ ಸಾಬರಿಗೆ ಬಹಳ ವರ್ಷಗಳಿಂದ ಒಬ್ಬ ಹೆಂಗಸಿನ ಜೊತೆ ಜಗಳವಿತ್ತು. ಆಕೆಯ ಮುಖವನ್ನು ಅವರು ಒಮ್ಮೆಯೂ ನೋಡಿರಲಿಲ್ಲ.

ಆಕೆ ಮಾಗಡಿ ತಾಲ್ಲೂಕು ಗುಡೇಮಾರನಹಳ್ಳಿಯ ರಾಮಲಿಂಗಯ್ಯ ಗೌಡರ ಹೆಂಡತಿ ಸರಸಮ್ಮ. ಗೌಡರದು ಅಪ್ಪನ ಕಾಲದ ಇಂಗ್ಲೆಂಡಿನ ಜೋಡುನಳಿಗೆ ಕೋವಿ. ರಾಗಿ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಆಗೊಮ್ಮೆ ಈಗೊಮ್ಮೆ ಗಾಳಿಗೆ ಹಾರಿಸಿದರೆ ಹೆಚ್ಚು. ಆದರೂ ಆಯುಧಪೂಜೆಯಾದ ಮೇಲೆ ಅದು ಸಾಬರ ಅಂಗಡಿಗೆ ಬರಲೇಬೇಕಿತ್ತು. ಪೂಜೆಯ ದಿನ ಸರಸಮ್ಮ ಮನೆಯವರೆಲ್ಲರಿಗಿಂತ ಮೊದಲು ಎದ್ದು, ಮಿಂದು, ನಿಂಬೆರಸದಲ್ಲಿ ಕಲಸಿದ ಕುಂಕುಮವನ್ನು ಉಂಗುರದ ಬೆರಳಿನಲ್ಲಿ ತೆಗೆದು ಬಲ ನಳಿಗೆಯ ಬುಡಕ್ಕೆ ಇಡುತ್ತಿದ್ದರು. ಪ್ರತಿ ವರ್ಷವೂ ಅದೇ ಜಾಗಕ್ಕೆ. ಹುಳಿ ಸುಮ್ಮನಿರುತ್ತದೆಯೇ? ಅದು ಕಬ್ಬಿಣದ ಬಣ್ಣವನ್ನು ತಿಂದು ಕೆಳಗಿಳಿಯುತ್ತಿತ್ತು.

"ನಿಮ್ಮನೆಯೋರಿಗೆ ಯೋಳಿ ಗೌಡ್ರೇ, ನಳಿಗೆಗೆ ಹುಳಿ ತಗುಲಿಸಬ್ಯಾಡಿ ಅಂತ. ಬೇಕಾದ್ರೆ ಮರಕ್ಕೆ ಇಟ್ಕಳ್ಳಿ" ಎಂದು ಸಾಬರು ಹೇಳಿ ಕಳಿಸುತ್ತಿದ್ದರು.

ಮುಂದಿನ ಸಲ ರಾಮಲಿಂಗಯ್ಯ ಉತ್ತರ ಹೊತ್ತು ತರುತ್ತಿದ್ದರು. "ವರ್ಸೆಲ್ಲ ಸಾಬ್ರು ಯೋಳ್ದಂಗೆ ಕೇಳ್ತಾಳಂತೆ, ಆ ಒಂದಿನ ಕೋವಿ ಅವಳ್ದಂತೆ. ನಾನೇನ್ ಮಾಡ್ಲಿ? ತಗಳಿ, ಅವರೆಕಾಯಿ ಕಳ್ಸವ್ಳೆ."

ಸೊಗಡು ಮೆತ್ತಿದ ಆ ಅವರೆಕಾಯಿ ಹಮೀದಾಳ ಕೈಯಲ್ಲಿ ಸಾರಾಗುತ್ತಿತ್ತು. ಸಾಬರು ಚಪ್ಪರಿಸಿ ಉಂಡು, ಎದ್ದು ಹೋಗಿ ಸರಸಮ್ಮನನ್ನು ಬೈಯುತ್ತಲೇ ಆ ಕಲೆಯನ್ನು ಒರೆಸುತ್ತಿದ್ದರು. ಎಷ್ಟು ಒರೆಸಿದರೂ ಹುಣಸೆಬೀಜದಷ್ಟು ಜಾಗದಲ್ಲಿ ಒಂದು ಕಂದು ಗುರುತು ಉಳಿಯುತ್ತಿತ್ತು. ಆ ನಳಿಗೆಯನ್ನು ಒಂದು ಸಲ ಪೂರ್ತಿ ಬಿಚ್ಚಿ, ಉಜ್ಜಿ, ಮೊದಲಿನ ಬಣ್ಣ ಬರಿಸಿ ಆಯಮ್ಮನ ಹಟ ಮುರಿಯಬೇಕೆಂಬುದು ಅವರ ಬಹುದಿನದ ಆಸೆ.

ಆ ದಿನ ಬಂತು, ಆದರೆ ಅವರು ಬಯಸಿದ ಹಾಗೆ ಬರಲಿಲ್ಲ. ಎರಡು ಸಾವಿರದ ಎಂಟನೆಯ ಇಸವಿ, ವಿಧಾನಸಭೆಯ ಚುನಾವಣೆ. ಲೈಸೆನ್ಸಿನ ಕೋವಿಗಳನ್ನೆಲ್ಲ ಎಂದಿನಂತೆ ಠಾಣೆಗೆ ಒಪ್ಪಿಸಿದ್ದಾಯಿತು. ಎಣಿಕೆ ಮುಗಿದು ಎಲ್ಲರೂ ವಾಪಸು ತಂದುಕೊಂಡರೂ ರಾಮಲಿಂಗಯ್ಯ ಹೋಗಲಿಲ್ಲ. ಸರಸಮ್ಮ ಆಸ್ಪತ್ರೆಯಲ್ಲಿದ್ದರು. ಮುಂಗಾರಿನಲ್ಲಿ ಅವರು ತೀರಿಕೊಂಡರು. ತಿಥಿಯೆಲ್ಲ ಕಳೆದು ಗೌಡರಿಗೆ ಕೋವಿಯ ನೆನಪಾಗುವ ಹೊತ್ತಿಗೆ ಶ್ರಾವಣ. ಠಾಣೆಯಲ್ಲಿ ಗೋಣಿಚೀಲ ಸುತ್ತಿಟ್ಟಿದ್ದ ಕೋವಿ ಮಳೆಗಾಲದ ಥಂಡಿಯನ್ನೆಲ್ಲ ಕುಡಿದು ಮೈತುಂಬ ತುಕ್ಕೆದ್ದಿತ್ತು.

ಅದನ್ನು ಸಾಬರ ಮೇಜಿನ ಮೇಲಿಟ್ಟು ಗೌಡರು ಸ್ಟೂಲಿನ ಮೇಲೆ ಕುಸಿದರು. "ಅವಳು ಹೋಗ್ಬುಟ್ಳು ಸಾಬ್ರೇ."

ನೋಡೇ ಇರದ ಹೆಂಗಸಿಗಾಗಿ ಅಳಬಹುದೇ, ಅದಕ್ಕೆ ತನಗೇನು ಹಕ್ಕು ಎಂದು ಸಾಬರಿಗೆ ನಾಚಿಕೆಯಾಯಿತು. ಗೌಡರ ಮೊಣಕಾಲಿನ ಮೇಲೆ ಕೈಯಿಟ್ಟು ಕುಳಿತರು.

ಗೌಡರು ಹೆಬ್ಬೆರಳಿನಿಂದ ನಳಿಗೆಯ ಬುಡ ತೋರಿಸಿದರು. ತುಕ್ಕಿನ ನಡುವೆ ಆ ಕಂದು ಗುರುತು ಇನ್ನೂ ಕಾಣುತ್ತಿತ್ತು. "ಹಿಂಗೇ ಬುಟ್ರೆ ತುಕ್ಕು ಇದ್ನೂ ತಿನ್ತದೆ. ಮಗ ಮನೋಹರ ಬಿಡದೀಲಿ ಏನೋ ಪೌಡ್ರು ಹೊಡೆಸ್ತೀನಿ ಅಂತಾನೆ, ನಾನೇ ಬ್ಯಾಡ ಅಂದೆ. ಮಿಕ್ಕಿದ್ದೆಲ್ಲ ಕಂಪ್ನಿಯಿಂದ ಬಂದಂಗೆ ಮಾಡ್ಕೊಡಿ. ಇದೊಂದು ಮಾತ್ರ ಇರ್ಲಿ. ಮನೇಲಿ ಫೋಟೋ ಐತೆ, ಆದ್ರೆ ಸ್ಟುಡಿಯೋದೋನು ಅವಳ ಮುಖಕ್ಕೆ ಬೆಳ್ಳಗೆ ಬಳ್ದುಬುಟ್ಟವ್ನೆ. ಅದು ಅವಳಲ್ಲ ಬುಡಿ. ಇದೇ ಅವಳು."

"ಅದನ್ನ ಮುಟ್ಟಲ್ಲ ಗೌಡ್ರೇ" ಎಂದರು ಸಾಬರು. "ಹಬ್ಬದೊಳಗೆ ಕೊಡ್ತೀನಿ."

ಹೇಳಿದ್ದು ಸುಲಭ. ಇಡೀ ನಳಿಗೆಗೆ ಹೊಸ ಬಣ್ಣ ಬರಿಸಿ ಅದರ ಮೇಲೊಂದು ಕಲೆಯನ್ನು ಹಾಗೇ ಉಳಿಸಿಕೊಡಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಕಲೆ ತೆಗೆಯುವುದು ಅವರ ಕಸುಬು. ಯೋಚಿಸಿ ಯೋಚಿಸಿ ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಭಾವಮೈದುನ ವಾಸಿಂನ ಹತ್ತಿರ ಹೋಗಿ, ಗೊಂಬೆಗಳಿಗೆ ಹಚ್ಚುವ ಅರಗಿನ ಒಂದು ಕಡ್ಡಿ ಇಸಕೊಂಡು ಬಂದರು. ಗುರುತಿನ ಮೇಲೆ ಅರಗಿನ ಚುಕ್ಕೆ ಇಟ್ಟರೆ ಮದ್ದು ಒಳಗೆ ಇಳಿಯುವುದಿಲ್ಲ, ಉಜ್ಜಿದರೂ ಸವೆಯುವುದಿಲ್ಲ.

ಆದರೆ ಕುದಿನೀರಿಗೆ ಹಾಕಿದ ಕೂಡಲೇ ಅರಗು ಮೆತ್ತಗಾಗಿ ಜಾರಿಹೋಗುತ್ತಿತ್ತು. ಪ್ರತಿ ಸಲ ನಳಿಗೆಯನ್ನು ನೀರಿನಿಂದ ತೆಗೆದಾಗಲೂ, ಉಜ್ಜುವ ಮೊದಲು ಮರೆಯದೆ ಹೊಸ ಚುಕ್ಕೆ ಇಡಬೇಕಾಯಿತು. ಇಷ್ಟೇ ಆಗಿದ್ದರೆ ಹೇಗೋ ನಿಭಾಯಿಸುತ್ತಿದ್ದರು. ಕರಗಿದ ಅರಗು ನೀರಿನಲ್ಲಿ ಹರಡಿ ನಳಿಗೆಯ ಬೇರೆ ಕಡೆ ಅಂಟಿಕೊಂಡು, ಅಲ್ಲೆಲ್ಲ ಮದ್ದು ಹಿಡಿಯದೆ ನಳಿಗೆ ತೊನ್ನು ಬಂದವರ ಹಾಗೆ ಕಾಣತೊಡಗಿತು. ಅದರ ಮೇಲೆ ಹಬೆಯೂ ಸಾಲದು. ಸಾಬರು ನಳಿಗೆಯನ್ನು ಹಮೀದಾ ಕೂರುವ ಒಲೆಯ ನೆತ್ತಿಗೇ ತಂದು ನೇತುಹಾಕಿದರು. ಅವಳ ತಲೆಗೆ ತುಕ್ಕುನೀರು ತೊಟ್ಟಿಕ್ಕಿತು. ಅವಳು ಸೆರಗು ಹೊದ್ದುಕೊಂಡು ನೂಲು ಬಿಚ್ಚಿದಳು.

ಮತ್ತೆ ಬಿಳಿ ಕಬ್ಬಿಣದವರೆಗೆ ಉಜ್ಜಿ ಮೊದಲಿನಿಂದ ಶುರುಮಾಡುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಎಮರಿ ಪಟ್ಟಿ ಹಿಡಿದು ಕೂತರು. ನಳಿಗೆ ಉಜ್ಜುವಾಗ ಕೈ ನಡುವೆ ನಿಲ್ಲಬಾರದು ಎಂದು ಅವರ ಅಪ್ಪ ಬೆತ್ತದಲ್ಲಿ ಹೊಡೆದು ಕಲಿಸಿದ್ದರು. ಬುಡದಿಂದ ಹೊರಟ ಪಟ್ಟಿ ಬಾಯಿಯವರೆಗೆ ಒಂದೇ ಉಸಿರಿನಲ್ಲಿ ಹೋಗಬೇಕು. ನಡುವೆ ತಡೆದರೆ ಅಲ್ಲೊಂದು ಗೆರೆ ಬಿದ್ದು, ಬಣ್ಣ ಬಂದ ಮೇಲೆ ಎದ್ದು ಕಾಣುತ್ತದೆ. ಸಾಬರ ಕೈ ಆ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಿತ್ತೆಂದರೆ ಅದಕ್ಕೆ ತಲೆಯ ಅಪ್ಪಣೆಯೇ ಬೇಕಿರಲಿಲ್ಲ. ಅಂದು ಅರಗಿನ ಮೇಲೆ, ಹಬೆಯ ಮೇಲೆ, ಮಳೆಯ ಮೇಲೆ ಗೊಣಗುತ್ತ ಉಜ್ಜಿದರು. ಉಜ್ಜಿ ಮುಗಿಸಿ, ಬಟ್ಟೆಯಲ್ಲಿ ಒರೆಸಿ, ಬಾಗಿಲ ಬೆಳಕಿಗೆ ಹಿಡಿದರು. ನಳಿಗೆ ಬುಡದಿಂದ ಬಾಯಿಯವರೆಗೆ ಬೆಳ್ಳಿಯಂತೆ ಹೊಳೆಯಿತು. ಎಲ್ಲೂ ಒಂದು ಕಲೆ ಇರಲಿಲ್ಲ. ಹೊಸ ಚುಕ್ಕೆ ಇಡುವುದನ್ನು ಮರೆತಿದ್ದರು.

ಸಾಬರು ಗುರುತಿದ್ದ ಜಾಗವನ್ನು ಉಗುರಿನಿಂದ ಕೆರೆದು ನೋಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಇಷ್ಟು ವರ್ಷ ತೆಗೆಯಬೇಕೆಂದು ಹಂಬಲಿಸಿದ್ದು ಹೋಗಿತ್ತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಆ ವಾರ ಅವರು ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡೇ ಕೆಲಸ ಮಾಡಿದರು. ಅರಗಿನ ಕಾಟ ತಪ್ಪಿದ ಮೇಲೆ ಬಣ್ಣವೂ ಸೊಗಸಾಗಿ ಕೂತಿತು. ಮರದಡಿಯ ಬಣ್ಣಕ್ಕೂ ಮೇಲಿನ ಬಣ್ಣಕ್ಕೂ ಕೂದಲೆಳೆಯ ಭೇದವಿಲ್ಲ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಸಾಬರು ಮಾತ್ರ ಆ ನಳಿಗೆಗೆ ಬಟ್ಟೆ ಸುತ್ತಿ ಮೂಲೆಗಿಟ್ಟರು.

ಒಂದು ಮಧ್ಯಾಹ್ನ ಹಮೀದಾ ಊಟಕ್ಕೆ ಕರೆಯಲು ಬಂದಾಗ ಅವರು ಬೇರೊಂದು ಮುರುಕು ನಳಿಗೆಯ ಮೇಲೆ ಏನೋ ಮಾಡುತ್ತಿದ್ದರು. ಪಕ್ಕದಲ್ಲಿ ಮದ್ದಿನ ಶೀಸೆ, ಹಿಂಡಿದ ನಿಂಬೆಹೋಳು. ನಳಿಗೆಯ ಬುಡದಲ್ಲಿ ಹುಣಸೆಬೀಜದಷ್ಟು ಒಂದು ಕಂದು ಗುರುತು ಮೂಡಿತ್ತು. ಅಂಚು ಒಸರಿದ ರೀತಿ, ನಡುವೆ ಸ್ವಲ್ಪ ಇಳಿದದ್ದು, ಎಲ್ಲ ಹಾಗೇ. ಹಳೆಯದನ್ನು ಹೊಸದಾಗಿ ಹುಟ್ಟಿಸುವುದರಲ್ಲಿ ಅವರನ್ನು ಮೀರಿಸುವವರು ಸುತ್ತಲಲ್ಲಿ ಯಾರಿದ್ದರು?

"ಗೌಡರಿಗೆ ಗೊತ್ತೇ ಆಗಲ್ಲ" ಎಂದರು ಸಾಬರು, ತಲೆಯೆತ್ತದೆ.

ಹಮೀದಾ ಬಗ್ಗಿ ನೋಡಿದಳು. "ಚೆನ್ನಾಗಿದೆ. ಯಾರ ಬೆರಳು ಇಟ್ಟು ಅಳತೆ ತಗೊಂಡಿರಿ?"

"ನನ್ನದೇ."

"ಪಾಪ, ಗೌಡ್ರು" ಎಂದಳು ಹಮೀದಾ. "ಹೆಂಡತಿ ಅಂತ ತಿಳ್ಕೊಂಡು ದಿನಾ ನಿಮ್ಮ ಬೆರಳು ಸವರಬೇಕು."

ಸಾಬರಿಗೆ ನಗು ಬಂತು. ನಗು ಅರ್ಧದಲ್ಲೇ ಅಳುವಾಯಿತು. ಮದುವೆಯಾದಾಗಿನಿಂದ ಹಮೀದಾ ಅವರ ಅಳು ನೋಡಿದ್ದು ಅವರ ಅಪ್ಪ ಸತ್ತ ದಿನ ಮಾತ್ರ. ಅವಳು ಗೂಡಿನ ನೀರಿನಲ್ಲಿ ಬೆಂದು ಬಿಳಚಿಕೊಂಡ ತನ್ನ ಕೈಯಿಂದ ಅವರ ಕಣ್ಣೊರೆಸಿ, ಎಬ್ಬಿಸಿ, ಊಟಕ್ಕೆ ಕರೆದುಕೊಂಡು ಹೋದಳು. ಮುರುಕು ನಳಿಗೆ ಗುಜರಿ ಡಬ್ಬ ಸೇರಿತು.

ಆಯುಧಪೂಜೆ ಹತ್ತಿರವಾಯಿತು. ಸಂತೆಯ ದಿನ ಬೆಳಗ್ಗೆ ರಾಮಲಿಂಗಯ್ಯ ಬಂದರು. ಜೊತೆಗೆ ಸೊಸೆ ಪ್ರತಿಮಾ. ಗಾರ್ಮೆಂಟ್ಸಿಗೆ ರಜೆ ಹಾಕಿ ಹಬ್ಬದ ಸಾಮಾನಿಗೆ ಬಂದಿದ್ದಳು, ಕೈಚೀಲದ ತುಂಬ ಬೂದುಗುಂಬಳ, ನಿಂಬೆಹಣ್ಣು, ಅರಿಸಿನ ಕುಂಕುಮದ ಪೊಟ್ಟಣ. ಸಾಬರು ಕೋವಿಯನ್ನು ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟರು.

"ಆಹಾ" ಎಂದರು ಗೌಡರು. "ನಮ್ಮಪ್ಪ ತಂದಾಗ ಇಂಗಿತ್ತು ನೋಡಿ." ಹೆಬ್ಬೆರಳು ತಾನಾಗಿಯೇ ನಳಿಗೆಯ ಬುಡಕ್ಕೆ ಹೋಯಿತು. ಒಂದು ಸಲ ಸವರಿತು. ಇನ್ನೊಂದು ಸಲ ಸವರಿತು. ಆಮೇಲೆ ಎಡ ನಳಿಗೆಯ ಮೇಲೆ ಹುಡುಕಿತು.

"ಅದು ಹೋಯ್ತು ಗೌಡ್ರೇ" ಎಂದರು ಸಾಬರು. "ನನ್ ಕೈಯಿಂದ್ಲೇ ಹೋಯ್ತು. ಉಜ್ಜೋವಾಗ ಕೈ ನಿಲ್ಸೋದು ಮರ್ತುಬುಟ್ಟೆ. ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೆ."

ಗೌಡರು ಬೈಯಲಿಲ್ಲ. ಬೈದಿದ್ದರೆ ಸಾಬರಿಗೆ ಎಷ್ಟೋ ಹಗುರಾಗುತ್ತಿತ್ತು. "ಹೋಯ್ತಾ" ಎಂದಷ್ಟೇ ಅಂದು, ಕೋವಿಯನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತರು. ಹೆಗಲ ಮೇಲಿನ ಟವೆಲನ್ನು ತೆಗೆದು ಮುಖಕ್ಕೆ ಒತ್ತಿಕೊಂಡದ್ದು ಒಳಗಿದ್ದವರಿಗೆಲ್ಲ ಕಂಡಿತು.

ಪ್ರತಿಮಾ ಮಾವನ ಬೆನ್ನನ್ನೂ ಕೋವಿಯನ್ನೂ ಬದಲಿಸಿ ಬದಲಿಸಿ ನೋಡಿದಳು. ಕೊನೆಗೆ ತಗ್ಗಿದ ದನಿಯಲ್ಲಿ, "ಸಾಬ್ರೇ, ಈ ವರ್ಸ ಪೂಜೆ ನಾನೇ ಮಾಡ್ಬೇಕು. ಅತ್ತೆ ಒಂದಿನಾನೂ ನಂಗೆ ತೋರ್ಸಿಲ್ಲ. ನಾವು ಏಳೋದ್ರೊಳ್ಗೆ ಇಟ್ಬುಟ್ಟಿರೋರು. ಅವ್ರು ಹೆಂಗೆ ಕಲ್ಸೋರು ಅಂತ ಮಾವಂಗೂ ಗೊತ್ತಿಲ್ಲ" ಎಂದಳು.

"ನನಗೆ ಗೊತ್ತು" ಎಂದರು ಸಾಬರು.

ಆ ಮಾತು ಬಾಯಿಂದ ಬಿದ್ದ ಮೇಲೆ ಅವರಿಗೇ ಆಶ್ಚರ್ಯವಾಯಿತು. ನಿಜವೇ. ಆಯಮ್ಮ ಇಟ್ಟದ್ದನ್ನು ಅಷ್ಟು ವರ್ಷ ಒರೆಸಿದವರು ಅವರೊಬ್ಬರೇ. "ಬರೀ ನಿಂಬೆರಸ ಅಲ್ಲಮ್ಮ. ಅದಕ್ಕೆ ಬೆಲ್ಲ ಹಾಕೋರು, ಕುಂಕುಮ ಉದುರಬಾರ್ದು ಅಂತ. ಕೋವಿ ಜೊತೇಲಿ ಇರುವೇನೂ ಬರೋವು ನನ್ನಂಗಡಿಗೆ. ಎರಡು ತೊಟ್ಟು ಹರಳೆಣ್ಣೆ. ಸೀಮೆಎಣ್ಣೇಲಿ ಒರೆಸಿದ್ರೂ ಅದು ಬೇಗ ಬುಡ್ತಿರ್ಲಿಲ್ಲ, ಅದ್ರಲ್ಲೇ ಗೊತ್ತಾಗೋದು. ಕೋವೀನ ಗೋಡೆಗೆ ಒರಗಿಸಿ, ತಾವು ಈ ಕಡೆ ನಿಂತ್ಕೊಳ್ಳೋರು. ಬೆರಳನ್ನ ಒತ್ತಿ, ಒಸಿ ಮೇಲಕ್ಕೆ ಎಳೆಯೋರು. ಗುರುತು ಯಾವಾಗ್ಲೂ ಓರೆಯಾಗಿರೋದು."

ಮೆಟ್ಟಿಲ ಮೇಲೆ ಕೂತ ಬೆನ್ನು ಅಲುಗಿತು. ಗೌಡರು ತಿರುಗಿ ನೋಡಿದರು.

ಹಮೀದಾ ಯಾರೂ ಹೇಳದೆ ಒಳಗಿನಿಂದ ಒಂದು ಬಟ್ಟಲು, ಬೆಲ್ಲದ ಚೂರು, ಹರಳೆಣ್ಣೆ ತಂದಿಟ್ಟಳು. ಪ್ರತಿಮಾ ಚೀಲದಿಂದ ಒಂದು ನಿಂಬೆಹಣ್ಣು, ಕುಂಕುಮದ ಪೊಟ್ಟಣ ತೆಗೆದಳು. ಹಬ್ಬಕ್ಕೆ ಇನ್ನೂ ದಿನವಿತ್ತು, ಆದರೆ ಆ ಮಾತನ್ನು ಯಾರೂ ಎತ್ತಲಿಲ್ಲ. ಸಾಬರು ಹೇಳುತ್ತ ಹೋದರು, ಅವಳು ಕಲಸಿದಳು. ಗೌಡರು ಎದ್ದು ಒಳಗೆ ಬಂದು ಬಾಗಿಲಲ್ಲಿ ನಿಂತರು. ಸಾಬರೇ ಕೋವಿಯನ್ನು ಎತ್ತಿ ಗೋಡೆಗೆ ಒರಗಿಸಿದರು.

"ಅವ್ರ ಬೆರಳು ನಿಂದಕ್ಕಿಂತ ಒಸಿ ದಪ್ಪ" ಎಂದರು. "ಪರ್ವಾಗಿಲ್ಲ, ಇಡಮ್ಮ."

ಪ್ರತಿಮಾ ಉಂಗುರದ ಬೆರಳನ್ನು ಅದ್ದಿ, ನಳಿಗೆಯ ಬುಡಕ್ಕೆ ಒತ್ತಿ, ಸ್ವಲ್ಪ ಮೇಲಕ್ಕೆ ಎಳೆದಳು. ನೇರಳೆ ಹಣ್ಣಿನಂಥ ಆ ಮೈಯ ಮೇಲೆ ಕುಂಕುಮ ಒದ್ದೆಯಾಗಿ ಕೂತಿತು. ಹುಳಿ ಅದಾಗಲೇ ಕೆಲಸ ಶುರುಮಾಡಿರುತ್ತದೆ ಎಂದು ಸಾಬರಿಗೆ ಗೊತ್ತಿತ್ತು. ಅವರ ಕೈ ಮೇಜಿನ ಮೇಲಿನ ಬಟ್ಟೆಯ ಕಡೆಗೆ ಹೋಯಿತು. ಅವರು ಅದನ್ನು ತಡೆದು, ಬೆನ್ನ ಹಿಂದೆ ಕಟ್ಟಿಕೊಂಡರು.

ರಾಮಲಿಂಗಯ್ಯ ಹತ್ತಿರ ಬಂದು ಬಹಳ ಹೊತ್ತು ನೋಡಿದರು. ಕಣ್ಣಿನ ನೀರು ಗಲ್ಲದವರೆಗೆ ಇಳಿದಿತ್ತು, ಒರೆಸಿಕೊಳ್ಳಲಿಲ್ಲ. "ಇದ್ನ ಯಾವಾಗ ಒರ್ಸಕ್ಕೆ ತರ್ಲಿ ಸಾಬ್ರೇ?" ಎಂದು ಕೇಳಿದರು.

"ಒರ್ಸಬ್ಯಾಡಿ ಗೌಡ್ರೇ" ಎಂದರು ಗಫಾರ್ ಸಾಬರು. "ಕಬ್ಬಿಣಕ್ಕೆ ಇಳೀಲಿ."